ಕೋಡಿಯ ನೀರು ಎಷ್ಟಿತ್ತು

ಹೋದ ಮಳೆಗಾಲದಲ್ಲಿ ಕೃಷ್ಣರಾಜಪೇಟೆಯ ಒಂದು ಮದುವೆಗೆಂದು ಮಗಳು ಅಳಿಯನ ಜೊತೆ ಬೆಂಗಳೂರಿನಿಂದ ಹೊರಟಿದ್ದೆ. ಹಿಂದಿನ ದಿನದ ಮಳೆಗೆ ಹೆದ್ದಾರಿಯ ಒಂದು ತಗ್ಗಿನಲ್ಲಿ ನೀರು ನಿಂತಿತ್ತು. ಅಳಿಯ ವೇಗ ಇಳಿಸದೆ ನುಗ್ಗಿಸಿದ. ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಕೆಮ್ಮತೊಡಗಿ, ಬೆಳ್ಳೂರು ಕ್ರಾಸಿನ ಹತ್ತಿರ ನಿಂತೇಬಿಟ್ಟಿತು. ಹೋಟೆಲುಗಳ ಹಿಂದಿದ್ದ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದು, ಬಾನೆಟ್ಟು ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದ. ಕಡ್ಡಿಯ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣ. ಕಾದ ಎಣ್ಣೆಯೂ ಕೆಸರು ನೀರೂ ಕಲೆತ ವಾಸನೆ ಹಿಂದಿನ ಸೀಟಿನವರೆಗೂ ಬಂತು.

"ಎಷ್ಟ್ ನೀರಿತ್ತು ಸಾರ್?" ಎಂದು ಅವನು ಕೇಳಿದ.

"ಜಾಸ್ತಿ ಏನಿರ್ಲಿಲ್ಲ" ಎಂದ ಅಳಿಯ.

ನಾನು ಕೆಳಗಿಳಿದು ದೂರ ಹೋಗಿ ನಿಂತೆ. ಬಿಸಿಲಿಗೆ ತಲೆ ಸುತ್ತಿತೇ ಎಂದು ಮಗಳು ಕೇಳಿದಳು. ಬಿಸಿಲೇ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳಲ್ಲೊಂದು. ನನಗೆ ಹದಿನಾರು. ಪಾಂಡವಪುರದಿಂದ ಕೃಷ್ಣರಾಜಪೇಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಾಲೆ ನೀರಿನ ಗದ್ದೆ, ಕಬ್ಬು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮರ್ಯಾದೆ, ಇವೆಲ್ಲ ಅಪ್ಪನಿಗೆ ಹುಟ್ಟಿನಿಂದಲೇ ಇದ್ದವು. ಇಲ್ಲದ್ದು ಒಂದು ಕಾರು. ಅದನ್ನೂ ಆ ವರ್ಷದ ಬೇಸಿಗೆಯಲ್ಲಿ ಮೈಸೂರಿನ ಯಾರೋ ದೊಡ್ಡ ಮನೆತನದವರಿಂದ ತಂದರು. ವಿಲಾಯತಿಯ ಕಪ್ಪು ಕಾರು, ನನಗಿಂತ ಹಳೆಯದು. ಹೊರಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಎಂಜಿನ್ನು ಸವೆದುಹೋಗಿತ್ತು. ಅಪ್ಪನಿಗೆ ಓಡಿಸಲು ಬಾರದು. ಇಂಟರ್‌ಮೀಡಿಯೆಟ್ ಓದಿ, ಮುಂದೇನು ಮಾಡುವುದೆಂದು ತೋಚದೆ ಮನೆಯಲ್ಲಿದ್ದ ನನ್ನಣ್ಣ ಚಂದ್ರು ಓಡಿಸುವುದನ್ನು ಕಲಿತ.

ಎಂಜಿನ್ನು ಬಿಚ್ಚಿ ಸರಿಮಾಡಲು ಅಪ್ಪ ಕರೆಸಿದ್ದು ಕಾಳಾಚಾರಿಯವರನ್ನು. ನಾಗಮಂಗಲದವರು. ಅವರ ಮನೆಯಲ್ಲಿ ತಲೆತಲಾಂತರದಿಂದ ಕಂಚಿನ ಎರಕದ ಕೆಲಸ: ದೇವರ ವಿಗ್ರಹ, ಗಂಟೆ, ದೀಪದ ಕಂಬ. ಅದನ್ನು ಬಿಟ್ಟು ಯಂತ್ರದ ಕೆಲಸ ಹಿಡಿದ ಮೊದಲಿಗ ಇವರು. ಮೈಸೂರಿನಲ್ಲಿ ಕೆಲಸ ಕಲಿತು, ಪಾಂಡವಪುರದಲ್ಲಿ ರಸ್ತೆ ಬದಿ ಒಂದು ತಗಡಿನ ಷೆಡ್ಡು ಹಾಕಿಕೊಂಡಿದ್ದರು. ಕಬ್ಬಿನ ಲಾರಿಗಳು, ಪಂಪುಸೆಟ್ಟುಗಳು ಅವರ ಕೈಗೇ ಬರುತ್ತಿದ್ದವು. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಮಾತು ಕಡಿಮೆ.

ನಮ್ಮ ಗಾಡಿ ಕೊಟ್ಟಿಗೆಯಲ್ಲೇ ಹದಿನೈದು ದಿನ ಕೆಲಸ ಮಾಡಿದರು. ನಾನಾಗ ಪರೀಕ್ಷೆ ಮುಗಿಸಿ ಶ್ರೀರಂಗಪಟ್ಟಣದ ಚಿಕ್ಕಮ್ಮನ ಮನೆಯಿಂದ ಊರಿಗೆ ಬಂದಿದ್ದೆ. ಅವ್ವ ಕೊಟ್ಟ ಮಜ್ಜಿಗೆ ಒಯ್ದವಳು ಅಲ್ಲೇ ನಿಂತು ನೋಡುತ್ತಿದ್ದೆ. ಹಳೆಯ ಕಾರುಗಳ ಬೇರಿಂಗುಗಳಿಗೆ ಬಿಳಿ ಲೋಹವನ್ನು ಕಾಯಿಸಿ ಎರೆಯಬೇಕಾಗಿತ್ತು. ಆಚಾರಿಯವರು ಇದ್ದಿಲ ಒಲೆಯ ಮೇಲೆ ಲೋಹ ಕರಗಿಸಿ, ಉಸಿರು ಹಿಡಿದು, ದಾರದಂತೆ ಸಣ್ಣಗೆ ಸುರಿಯುತ್ತಿದ್ದರು. ಆಮೇಲೆ ಬೆರಳಲ್ಲಿ ಸವರಿ, ಚೂರು ಚೂರೇ ಹೆರೆದು, ಮತ್ತೆ ಸವರಿ ನೋಡುತ್ತಿದ್ದರು.

"ದೇವ್ರುಗೆ ಕಣ್ ಬರ‍್ಯೋವಾಗ ಒಂಚೂರ್ ಹೆಚ್ಚುಕಮ್ಮಿ ಆದ್ರೂ ಕೈ ಮುಗ್ಯೋರು ಮುಗೀತಾರೆ ಕಣವ್ವಾ" ಎಂದರು ಒಮ್ಮೆ. "ಎಂಜಿನ್ ಅಂಗಲ್ಲ. ಕೂದ್ಲೆಳೆ ತಪ್ಪುದ್ರೂ ಯೋಳ್ಬುಡ್ತದೆ."

ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಡುತ್ತಿದ್ದರು. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಎಂದು ಕೇಳದೆ ಇದ್ದವರು ನನ್ನ ಆ ಹದಿನಾರು ವರ್ಷದಲ್ಲಿ ಇಬ್ಬರೇ: ಹೈಸ್ಕೂಲಿನ ನನ್ನ ಗಣಿತದ ಟೀಚರು ಮತ್ತು ಈ ಆಚಾರಿಯವರು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಲು ಕಲಿಸಿದ್ದೂ ಅವರೇ. "ಜೇನುತುಪ್ಪದ್ ಬಣ್ಣ ಇದ್ರೆ ಸೈ. ಕಪ್ಪಗಾದ್ರೆ ಬದ್ಲಾಯಿಸ್ಬೇಕು. ಹಾಲ್ ಹುಯ್ದಿರೋ ಕಾಫಿ ಅಂಗೆ ಕಂಡ್ರೆ ಮಾತ್ರ ನೀರ್ ಒಕ್ಕದೆ ಅಂತ ತಿಳ್ಕಳಿ. ಆಗ ಒಂದ್ ಮಾರೂ ಓಡುಸ್ಬಾರ್ದು."

ಕೆಲಸ ಮುಗಿದ ದಿನ ಎಂಜಿನ್ನು ಹೊಲಿಗೆ ಮಿಷನ್ನಿನಂತೆ ಓಡಿತು. ಅಪ್ಪ ಅದರ ಮುಂದೆ ನಿಂತು, ಕಾರಿನ ಮೈಮೇಲೆ ನೀರು ತುಂಬಿದ ಲೋಟ ಇಟ್ಟು, ತುಳುಕುತ್ತದೆಯೇ ಎಂದು ನೋಡಿದರು. ತುಳುಕಲಿಲ್ಲ. ಬಂದವರಿಗೆಲ್ಲ ಆ ಲೋಟದ ಆಟ ತೋರಿಸಿದರು.

ಜೂನ್ ಮುಗಿಯುವ ಮೊದಲೇ ಮಳೆ ಹಿಡಿಯಿತು. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರು. ಪಾಲಹಳ್ಳಿ ಕಡೆಯ ಗದ್ದೆಗಳಿಗೆ ಹೊಳೆ ನುಗ್ಗಿದೆ ಎಂದು ಸುದ್ದಿ. ಕೆರೆಗಳೆಲ್ಲ ಕೋಡಿ ಬಿದ್ದವು. ಆ ಮಳೆಯಲ್ಲೇ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮೊದಲ ದರ್ಜೆ. ಟೀಚರು ಅಪ್ಪನಿಗೆ ಕಾಗದ ಬರೆದು, ಈ ಹುಡುಗಿಯನ್ನು ಮೈಸೂರಿನ ಕಾಲೇಜಿಗೆ ಸೇರಿಸಿ ಎಂದಿದ್ದರು. ಅಪ್ಪ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಅಷ್ಟರಲ್ಲಿ ಹೊಸಹೊಳಲಿನ ಪಕ್ಕದ ಒಂದು ಮನೆಯಿಂದ ನನ್ನನ್ನು ಕೇಳಿಕೊಂಡು ಬಂದಿದ್ದರು. ಅವರಿಗೂ ಅಪ್ಪ ಅದೇ ರೀತಿ ಉತ್ತರಿಸದೆ ಕಳಿಸಿದ್ದರು.

ಅಂಕಪಟ್ಟಿ ತರಲು ಅಣ್ಣನ ಜೊತೆ ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದೆ. ಹಿಂದಿರುಗುವಾಗ ಮಧ್ಯಾಹ್ನ. ಪಾಂಡವಪುರ ದಾಟಿ, ಊರು ಇನ್ನು ಮೂರು ಮೈಲಿ ಇರುವಾಗ, ಬೆಳಿಗ್ಗೆ ಒಣಗಿದ್ದ ರಸ್ತೆಯ ಮೇಲೆ ಕೆರೆ ಕೋಡಿಯ ನೀರು ಅಡ್ಡಲಾಗಿ ಹರಿಯುತ್ತಿತ್ತು. ಕೆಂಪು ನೀರು. ಒಂದು ಎತ್ತಿನ ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಏರಿಯ ಮೇಲೆ ನಿಂತಿದ್ದ ನಾಲ್ಕೈದು ಜನ ಕೈ ಬೀಸಿ ಕೂಗಿದರು: "ಬ್ಯಾಡಿ ಸ್ವಾಮಿ, ಸೊಂಟದ್ಗಂಟ ಅದೆ! ಸಂದೇಗೆ ಇಳೀತದೆ, ತಡೀರಿ!"

ಅಣ್ಣ ನನ್ನ ಮುಖ ನೋಡಿದ. ಆ ಗಳಿಗೆಯಲ್ಲಿ ನಾನು ಬೇಡ ಎಂದಿದ್ದರೆ ಅವನು ನಿಲ್ಲಿಸುತ್ತಿದ್ದನೇನೋ. ನನಗೆ ಅಂಕಪಟ್ಟಿಯನ್ನು ಅಪ್ಪನ ಕೈಗೆ ಕೊಡುವ ಅವಸರ.

"ಹೋಗಣ ಅಣ್ಣ, ಏನಾಗಲ್ಲ" ಎಂದೆ.

ನಡು ನೀರಿಗೆ ಬಂದಾಗ ಕಾಲ ಕೆಳಗಿನಿಂದ ನೀರು ಒಳಕ್ಕೆ ಚಿಮ್ಮಿತು. ಮುಂದಿನ ದೀಪಗಳು ಮುಳುಗಿದವು. ನಾನು ಅಂಕಪಟ್ಟಿಯನ್ನು ತಲೆಯ ಮೇಲೆ ಹಿಡಿದೆ. ಎಂಜಿನ್ನು ನುಂಗಲಾರದ್ದನ್ನು ನುಂಗಿದಂತೆ ಒಂದು ಸದ್ದು ಮಾಡಿ ನಿಂತುಹೋಯಿತು. ಅಣ್ಣ ಸ್ಟಾರ್ಟರ್ ಎಳೆದ; "ಡಬ್" ಎಂದು ಒಂದೇ ಬಡಿತ, ಮತ್ತೇನೂ ಇಲ್ಲ. ಏರಿಯ ಮೇಲಿದ್ದವರೇ ನೀರಿಗಿಳಿದು, ಬೈಯುತ್ತಲೇ ನೂಕಿ ಆಚೆ ದಡಕ್ಕೆ ಹತ್ತಿಸಿದರು.

ಅಣ್ಣ ಮುಂದಿನಿಂದ ಹ್ಯಾಂಡಲ್ಲು ಹಾಕಿ ತಿರುಗಿಸಿದ. ಅಲುಗಲಿಲ್ಲ. ಮೈಭಾರವನ್ನೆಲ್ಲ ಹಾಕಿದ. ಒಳಗೆ ನೀರು ತುಂಬಿಕೊಂಡ ಎಂಜಿನ್ನು ತಿರುಗುವುದಾದರೂ ಹೇಗೆ? ಪ್ಲಗ್ಗುಗಳನ್ನು ಬಿಚ್ಚಿ ನೀರು ಹೊರಹಾಕಬೇಕಿತ್ತು. ಅದು ನನಗಾಗ ಗೊತ್ತಿರಲಿಲ್ಲ. ಆದರೆ ಆಚಾರಿಯವರು ಓಡಿಸಬಾರದು ಎಂದದ್ದು ಗೊತ್ತಿತ್ತು.

"ಅಣ್ಣ, ಪಾಂಡವಪುರುಕ್ಕೆ ಯಾರ‍್ನಾದ್ರೂ ಕಳ್ಸಿ ಆಚಾರ‍್ರನ್ನ ಕರುಸಣ."

"ಕರ‍್ಸು, ಅವ್ರು ಅಪ್ಪನ್ ತಾವ್ ಓಗಿ ಯೋಳ್ಲಿ. ಸುಮ್ಕೆ ಕೂತ್ಕೊ."

ಗೇರು ಹಾಕಿ, ಇಳಿಜಾರಿನಲ್ಲಿ ಜನರಿಂದ ನೂಕಿಸಿದ. ಎಲುಬು ಮುರಿದಂಥ ಒಂದು ಸದ್ದು. ಬಿಳಿ ಹೊಗೆ. ಆಮೇಲೆ ಎಂಜಿನ್ನು ಓಡಿತು. ಆದರೆ ಹೊಲಿಗೆ ಮಿಷನ್ನಿನ ಸದ್ದು ಹೋಗಿ, ಯಾರೋ ಒಳಗಿನಿಂದ ಬಾಗಿಲು ತಟ್ಟಿದಂತೆ ಟಕ್ ಟಕ್ ಎನ್ನತೊಡಗಿತ್ತು. ಊರಾಚೆಯ ಕಣದಲ್ಲಿ ನಿಲ್ಲಿಸಿ, ಹುಲ್ಲಿನಿಂದ ಒಳಗೆಲ್ಲ ಒರೆಸಿದೆವು. ಮಳೆಗೆ ಕಿಟಕಿ ಮುಚ್ಚಲು ಮರೆತೆವೆಂದು ಮನೆಯಲ್ಲಿ ಹೇಳಿದೆವು. ಅಪ್ಪ ಅಂಕಪಟ್ಟಿಯನ್ನು ಎರಡು ಸಲ ಓದಿ, ನನ್ನ ತಲೆ ಸವರಿದರು.

ಮರುದಿನ ಬೆಳಿಗ್ಗೆ ಯಾರೂ ಇಲ್ಲದಾಗ ಕೊಟ್ಟಿಗೆಗೆ ಹೋಗಿ ಕಡ್ಡಿ ಎಳೆದೆ. ಹಾಲು ಹೊಯ್ದ ಕಾಫಿ. ಅಣ್ಣನನ್ನು ಕರೆದು ತೋರಿಸಿದೆ. ಅವನು ಕಡ್ಡಿಯನ್ನು ಪಂಚೆಗೆ ಒರೆಸಿ, ಮತ್ತೆ ಒಳಗೆ ತುರುಕಿ, "ನೀನ್ ಏನೂ ನೋಡಿಲ್ಲ" ಎಂದ.

ನಾಲ್ಕು ದಿನ ಬಿಟ್ಟು ಅಪ್ಪ ಹೊಸಹೊಳಲಿನ ಕಡೆಯವರನ್ನು ಕಾಣಲು ಹೊರಟರು. ಹುಡುಗಿ ಓದಬೇಕೆನ್ನುತ್ತಾಳೆ, ಎರಡು ವರ್ಷ ಕಾಯುವುದಾದರೆ ನೋಡೋಣ ಎಂದು ಹೇಳಿ ಬರುವೆ ಎಂದು ಅವ್ವನ ಮುಂದೆ ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಕಾರು ಓಡಿಸಿದವನು ಅಣ್ಣ. ದಾರಿಯಲ್ಲಿ ಅಪ್ಪ "ಅದ್ಯಾಕ್ಲಾ ಇಂಗ್ ಬಡ್ಕತದೆ?" ಎಂದು ಕೇಳಿದರಂತೆ. "ಆಚಾರಿ ಹಾಕಿರೋ ಬೇರಿಂಗು ಸರಿಯಾಗ್ ಕೂತಂಗಿಲ್ಲ ಅಪ್ಪ" ಎಂದನಂತೆ ಅಣ್ಣ. ಸುಳ್ಳಿನ ಬೀಜ ಅಲ್ಲೇ ಬಿತ್ತು.

ಹೊಸಹೊಳಲು ಇನ್ನೂ ಒಂದು ಮೈಲಿ ಇರುವಾಗ ಎಂಜಿನ್ನಿನೊಳಗಿನ ಉಕ್ಕಿನ ರಾಡು ಮುರಿದು, ಅದರ ಪಕ್ಕೆ ಒಡೆದುಕೊಂಡು ಹೊರಬಂತು. ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿತು. ಬೀಗರಾಗಬೇಕಾದವರೇ ಎತ್ತು ಕಳಿಸಿ, ಕಾರನ್ನು ಎಳೆಸಿಕೊಂಡು ಹೋದರು. ಊರಿನ ಜನ ಎರಡೂ ಬದಿಗೆ ನಿಂತು, ಎತ್ತು ಕಟ್ಟಿದ ಕಾರಿನಲ್ಲಿ ಕುಳಿತ ಗೌಡರನ್ನು, ನನ್ನಪ್ಪನನ್ನು, ನೋಡಿದರು. ಆ ಮನೆಯವರು ಒಂದು ಮಾತೂ ಆಡಿಕೊಳ್ಳದೆ ಎರಡು ದಿನ ಉಪಚಾರ ಮಾಡಿ, ಕಬ್ಬಿನ ಲಾರಿಯೊಂದಕ್ಕೆ ಕಾರನ್ನು ಕಟ್ಟಿಸಿ ಕಳಿಸಿಕೊಟ್ಟರು. ಅಷ್ಟು ಉಪಕಾರ ಪಡೆದ ಮೇಲೆ ಅಪ್ಪನ ಬಾಯಲ್ಲಿ 'ಕಾಯಿರಿ' ಎಂಬ ಮಾತು ಬರಲಿಲ್ಲ. ಬರುವಾಗ ಮಾತು ಕೊಟ್ಟೇ ಬಂದರು.

ಅಂದು ಸಂಜೆ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. ಹೆದರಿ ಬಿಳಿಚಿಕೊಂಡಿದ್ದ.

"ನಾಳೆ ಆಚಾರಿ ಬತ್ತಾನೆ. ನಿನ್ನ ಕೇಳುದ್ರೆ ನೀರು ಪಾದ ಮುಳುಗೋವಷ್ಟಿತ್ತು ಅನ್ನು ಜಯಾ. ಅಪ್ಪುಂಗೆ ಗೊತ್ತಾದ್ರೆ ನನ್ನ ಮನೇಲಿ ಮಡಗಲ್ಲ. ನೀನ್ ಇದೊಂದ್ ಮಾಡು, ಮದ್ವೆ ಎರಡ್ ವರ್ಷ ತಡ್ಸೋ ಭಾರ ನಂದು. ನಾನೇ ಹೊಸಹೊಳಲಿಗ್ ಓಗಿ ಮಾತಾಡ್ತೀನಿ. ಕಾಲೇಜಿಗೆ ನಾನೇ ಕರ‍್ಕೊಂಡೋಗಿ ಸೇರಿಸ್ತೀನಿ."

ಮರುದಿನ ಆಚಾರಿಯವರು ಬಂದರು. ಒಡೆದ ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಬಹಳ ಹೊತ್ತು ಮುಟ್ಟದೆ ನೋಡಿದರು. ಆಮೇಲೆ ಕೆಳಗಿನ ತಟ್ಟೆಯನ್ನು ಬಿಚ್ಚಿ, ಉಳಿದಿದ್ದ ಎಣ್ಣೆಯಲ್ಲಿ ಬೆರಳಾಡಿಸಿ, ಎದ್ದು ನಿಂತರು.

"ನೀರಲ್ಲಿ ಓಡ್ಸವ್ರೆ ಗೌಡ್ರೇ. ನೀರ್ ಕುಡ್ದಿರೋ ಎಂಜಿನ್ನ ಬಲವಂತ್ವಾಗ್ ತಿರುಗ್ಸವ್ರೆ. ರಾಡು ಅವತ್ತೇ ಬಗ್ಗೋಗದೆ. ಮುರ‍್ದಿದ್ದು ಮೊನ್ನೆ ಅಷ್ಟೇ."

"ಎಲ್ಲಾ ಸುಳ್ಳು ಅಪ್ಪ" ಎಂದ ಅಣ್ಣ. "ಇವ್ರು ಗ್ಯಾಸ್ಕೆಟ್ಟು ಸರಿಯಾಗ್ ಕೂರ‍್ಸಿಲ್ಲ. ರೇಡಿಯೇಟರ್ ನೀರೇ ಎಣ್ಣೆಗೆ ಇಳ್ದದೆ. ಬೇರಿಂಗು ಕರಗೋಗದೆ, ನೀವೇ ನೋಡಿ."

ಆಚಾರಿಯವರು ಬೆರಳ ತುದಿಯನ್ನು ಅಪ್ಪನ ಮುಂದೆ ಹಿಡಿದರು. ಬೆರಳಲ್ಲಿ ಕೆಂಪು ಗೋಡುಮಣ್ಣು. "ರೇಡಿಯೇಟರ್‌ನಾಗೆ ಕೆರೆ ಗೋಡು ಎಲ್ಲಿಂದ ಬಂತು ಚಂದ್ರಪ್ಪಾ? ಅಣ್ಣ ತಂಗಿ ಕಾರು ಕೋಡೀಲಿ ನಿಂತೋಗಿತ್ತು ಅಂತ ಷೆಡ್ ತಾವ್ ಬಂದೋರು ಯೋಳುದ್ರು. ಕೋಡಿ ತಾವ ಇದ್ದೋರ‍್ನ ಕೇಳಿ ಗೌಡ್ರೇ."

"ನನ್ ಮಗನ್ ಮಾತ್ಗೆ ದಾರೀಲೋಗೋರ್ ಸಾಕ್ಷಿನ್ಲಾ?" ಅಪ್ಪನ ಧ್ವನಿ ಏರಿತು. ಅಷ್ಟರಲ್ಲಿ ಕೊಟ್ಟಿಗೆಯ ಮುಂದೆ ಹತ್ತು ಜನ ಸೇರಿದ್ದರು.

ಆಚಾರಿಯವರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಂಬಿಕೆ ಇತ್ತು. ಅದನ್ನು ನಾನು ಇಂದಿಗೂ ಮರೆತಿಲ್ಲ.

"ದಾರೀಲೋಗೋರ್ ಬ್ಯಾಡ. ಮಗ್ಳು ಕಾರ‍್ನಲ್ಲೇ ಇದ್ರಲ್ಲ. ನೀವೇ ಯೋಳಿ ಕಣವ್ವಾ, ಕೋಡೀಲಿ ನೀರು ಎಷ್ಟಿತ್ತು?"

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ನೆಲ ನೋಡುತ್ತಿದ್ದ.

"ಪಾದ ಮುಳುಗೋವಷ್ಟು" ಎಂದೆ.

ಆಚಾರಿಯವರು ಬೆರಳ ಗೋಡನ್ನು ಚಿಂದಿ ಬಟ್ಟೆಗೆ ಒರೆಸಿದರು. ಅಪ್ಪ ಬಗ್ಗಿ, ಕರಗಿ ವಿಕಾರವಾದ ಬೇರಿಂಗಿನ ತುಂಡೊಂದನ್ನು ಎತ್ತಿ ಅವರ ಕಾಲ ಬಳಿ ಎಸೆದರು. "ಗಂಟೆ ಎರ‍್ಯೋನ್ ಕೈಗೆ ಎಂಜಿನ್ ಕೊಟ್ನಲ್ಲ, ನಂಗೆ ಬುದ್ಧಿ ಇಲ್ಲ. ತಕ್ಕೊಂಡೋಗು. ಇದ್ರಲ್ಲೂ ಗಂಟೆ ಎರ‍್ಕೋ." ಸೇರಿದ್ದವರು ನಕ್ಕರು. ಆಚಾರಿಯವರು ಆ ತುಂಡನ್ನು ಎತ್ತಿಕೊಂಡು, ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು.

ಅಪ್ಪ ಕೆಟ್ಟವರಾಗಿರಲಿಲ್ಲ. ಆದರೆ ಎತ್ತು ಕಟ್ಟಿದ ಕಾರಿನಲ್ಲಿ ಕುಳಿತ ಅವಮಾನವನ್ನು ಯಾರ ಮೇಲಾದರೂ ಇಳಿಸಬೇಕಿತ್ತು. ಹೋದಲ್ಲೆಲ್ಲ, ಸಂತೆಯಲ್ಲಿ, ಕಚೇರಿಯಲ್ಲಿ, ಮದುವೆ ಮನೆಗಳಲ್ಲಿ ಗಂಟೆಯ ಮಾತು ಹೇಳಿದರು. ಮಾತು ತಮಾಷೆಯಾಗಿತ್ತು, ಹಾಗಾಗಿ ಬೇಗ ಹರಡಿತು. ಲಾರಿಯವರು ಬೇರೆ ಕಡೆ ಹೋದರು. ಷೆಡ್ಡಿದ್ದ ಜಾಗ ನಮ್ಮ ನೆಂಟರದು, ಅವರು ಬಿಡಿಸಿಕೊಂಡರು.

ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ ಹತ್ತಿರ ಬಂದಾಗ ಅಣ್ಣನನ್ನು ಕೇಳಿದೆ. ಇವತ್ತು ನಾಳೆ ಎಂದ. ಕೊನೆಯ ದಿನ ಗದ್ದೆಯ ಬದುವಿನ ಮೇಲೆ ಅವನನ್ನು ಅಡ್ಡಗಟ್ಟಿದೆ.

"ಅಪ್ಪ ಮಾತ್ ಕೊಟ್ಟವ್ರೆ. ಈಗ ಮುರ‍್ಯಕ್ಕಾಯ್ತದಾ? ಅವ್ರು ಒಳ್ಳೆ ಜನ. ನಿಂಗೇನ್ ಕಮ್ಮಿ ಆಯ್ತದೆ?"

"ಹಾಗಾದ್ರೆ ನಾನು ನಿಜ ಯೋಳ್ಬುಡ್ತೀನಿ."

ಅವನು ನಕ್ಕ. "ಯೋಳೋಗು. ಸುಳ್ ಯೋಳಿದ್ದು ನೀನು. ನಾನೇನ್ ನಿನ್ ಬಾಯ್ ಇಡ್ಕೊಂಡಿದ್ನಾ?"

ಅವನು ಹೇಳಿದ್ದು ಸರಿಯೇ. ಅದೇ ನನ್ನನ್ನು ಸುಟ್ಟಿದ್ದು. ನೀರಿಗೆ ಇಳಿ ಎಂದವಳು ನಾನು, ಪಾದ ಎಂದವಳೂ ನಾನು.

ಮಳೆ ನಿಂತು ಗದ್ದೆಗಳು ಹಳದಿಗೆ ತಿರುಗಿದ ಕಾಲಕ್ಕೆ, ಮದುವೆಯ ಸೀರೆಗೆಂದು ಅವ್ವನ ಜೊತೆ ಪಾಂಡವಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಆಚಾರಿಯವರು ನಾಗಮಂಗಲದ ಬಸ್ಸಿನ ಮೇಲೆ ಟ್ರಂಕು, ಪಾತ್ರೆ ಮೂಟೆ ಏರಿಸುತ್ತಿದ್ದರು. ಕೆಳಗೆ ಅವರ ಹೆಂಡತಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಅವ್ವನನ್ನು ಕಂಡು ಆಚಾರಿಯವರು ಕೈ ಮುಗಿದರು. ನಾನು ಅವ್ವನ ಪಕ್ಕದಲ್ಲೇ ಇದ್ದೆ. ನನ್ನ ಕಡೆ ಅವರ ಕಣ್ಣು ಬರಲೇ ಇಲ್ಲ.

ಹೊಸಹೊಳಲಿನ ಪಕ್ಕದ ಆ ಮನೆ ಸೇರಿದೆ. ಗಂಡ ಒಳ್ಳೆಯವರು. ಪತ್ರಿಕೆ ತರಿಸಿಕೊಡುತ್ತಿದ್ದರು, ಓದುವುದನ್ನು ಬೇಡ ಎನ್ನಲಿಲ್ಲ. ಆದರೂ ಪ್ರತಿ ಜೂನಿನಲ್ಲಿ ಫಲಿತಾಂಶದ ಪುಟ ಬಂದಾಗ ಅದನ್ನು ಮಡಿಸಿ ದೂರ ಇಡುತ್ತಿದ್ದೆ. ಅಣ್ಣ ಅಪ್ಪನಿಗೆ ಬಲಗೈಯಾಗಿ ಬೆಳೆದ, ಪಂಚಾಯಿತಿಗೂ ಆರಿಸಿಬಂದ.

ಮದುವೆಯಾಗಿ ಹದಿನೈದು ವರ್ಷ ಕಳೆದಿತ್ತು. ಮನೆಗೆ ಒಂದು ಜೊತೆ ದೀಪದ ಕಂಬ ಬೇಕೆಂದು ಗಂಡನ ಜೊತೆ ನಾಗಮಂಗಲಕ್ಕೆ ಹೋದೆ. ದೀಪದ ಕಂಬ ಒಂದು ನೆಪ. ಎರಕದವರ ಬೀದಿಯಲ್ಲಿ ಹೆಸರು ಹೇಳಿದಾಗ ಮನೆ ತೋರಿಸಿದರು. ಕಾಳಾಚಾರಿಯವರ ಕೂದಲು ಪೂರ್ತಿ ನೆರೆತಿತ್ತು. ಜಗುಲಿಯ ಮೇಲೆ ಕುಳಿತು ಕಂಚಿನ ಗಂಟೆಯೊಂದಕ್ಕೆ ಅರ ಹಾಕುತ್ತಿದ್ದರು. ಗಂಡ ಒಳಗೆ ಅವರ ತಮ್ಮನ ಜೊತೆ ಕಂಬಗಳನ್ನು ನೋಡುತ್ತಿದ್ದಾಗ ನಾನು ಅವರ ಮುಂದೆ ನಿಂತು, ಯಾರೆಂದು ಹೇಳಿದೆ.

"ಗೊತ್ತಾಯ್ತು ಬನ್ನಿ ಕಣವ್ವಾ" ಎಂದರು. ಅರ ನಿಲ್ಲಲಿಲ್ಲ.

ನೀರು ಸೊಂಟದವರೆಗೆ ಇತ್ತು ಎಂದೆ. ಅಣ್ಣನ ಮಾತು, ಕಾಲೇಜಿನ ಆಸೆ, ಕಡ್ಡಿ ಎಳೆದು ನೋಡಿದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಅಳು ಬಂತು. ಅವರು ನನ್ನ ಅಳು ಮುಗಿಯುವವರೆಗೆ ಕಾದು, ಗಂಟೆಯ ಮೇಲಿನ ಪುಡಿಯನ್ನು ಊದಿದರು.

"ಇದ್ನ ನನ್ ತಾವ್ ಯಾಕ್ ಯೋಳ್ತೀರಿ? ನಂಗೊತ್ತಿರೋದೇ. ಅವತ್ತೇ ಬೆರಳಲ್ಲಿ ಮುಟ್ಟಿ ನೋಡಿದ್ನಲ್ಲ." ಸಿಟ್ಟಿಲ್ಲದ, ದಣಿದ ಧ್ವನಿ. "ನಿಮ್ಮಪ್ಪಾರು ಚೆನ್ನಾಗವ್ರಾ?"

"ಇದ್ದಾರೆ."

"ಗೊತ್ತಿಲ್ದೋರು ಅವ್ರು. ಅವ್ರ್ ತಾವ್ ಯೋಳಿ. ಓಗಿ."

ಯೋಳ್ತೀನಿ ಎಂದು ಮಾತು ಕೊಟ್ಟು ಬಂದೆ.

ಮುಂದಿನ ಯುಗಾದಿಗೆ ತವರಿಗೆ ಹೋದೆ, ಅದಕ್ಕಾಗಿಯೇ ಹೋದೆ. ಅಪ್ಪ ಜಗುಲಿಯ ಮೇಲೆ ಯಾರೋ ಹೊಸ ನೆಂಟರ ಜೊತೆ ಕುಳಿತಿದ್ದರು. ಹೊಸ ಕಾರು ಕೊಳ್ಳುವ ಮಾತು ನಡೆದಿತ್ತು. ನಾನು ಕುಡಿಯಲು ನೀರು ತಂದಿಟ್ಟೆ. ಅಪ್ಪನಿಗೆ ಹಳೆಯ ಕಾರು ನೆನಪಾಯಿತು. ಗಂಟೆ ಎರೆಯುವವನ ಕೈಗೆ ಎಂಜಿನ್ನು ಕೊಟ್ಟ ಕಥೆಯನ್ನು ಮೊದಲಿನಿಂದ ಹೇಳಿದರು. ನೆಂಟರು ಹೊಟ್ಟೆ ಹಿಡಿದು ನಕ್ಕರು. ಅಣ್ಣನೂ ಕಂಬಕ್ಕೆ ಒರಗಿ ನಗುತ್ತಿದ್ದ.

"ನೀರಲ್ಲಿ ಓಡ್ಸವ್ರೆ ಅಂತ ನಮ್ ಮೇಲೇ ಹಾಕಕ್ ಬಂದ ಕಳ್ಳ" ಎಂದು ಅಪ್ಪ ನನ್ನ ಕಡೆ ತಿರುಗಿದರು. "ಎಷ್ಟಿತ್ತು ಮಗಾ ನೀರು? ಪಾದನೂ ಮುಳುಗ್ತಿರ್ಲಿಲ್ಲ, ಅಲ್ವಾ?"

ಮೊದಲ ಸಲ ಕೇಳಿದಾಗ ನನಗೆ ಹದಿನಾರು ವರ್ಷ. ಈಗ ಮೂವತ್ತು ದಾಟಿತ್ತು, ಎರಡು ಮಕ್ಕಳಿದ್ದರು, ಯಾವ ಕಾಲೇಜೂ, ಯಾವ ಮದುವೆಯೂ ನನ್ನ ಮಾತಿಗೆ ಕಾದಿರಲಿಲ್ಲ, ಯಾರೂ ನನಗೆ ಏನನ್ನೂ ಕೊಡುತ್ತೇನೆಂದಿರಲಿಲ್ಲ.

"ಹೂಂ ಅಪ್ಪ" ಎಂದೆ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.